ಮುರಕಲ್ಲಿನ ಹಿತ್ತಿಲಲ್ಲಿ ಹಣ್ಣು ಮತ್ತು ಹೂವು

(ವಾಮಂಜೂರಿನಲ್ಲಿ ಸುತ್ತಣ ಗ್ರಾಮಗಳ ರೈತರೂ ಮಹಿಳೆಯರೂ ಸೇರಿದ್ದ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಭತ್ತ, ಅಡಿಕೆ, ತೆಂಗಿನ ವಿಷಯ ಮಾತನಾಡಲು ನಾವು ಅನೇಕ ಸಲ ಸೇರಿದ್ದೇವೆ. ಇಂದು ನಾನು ಮಾತನಾಡುವುದು ಮನೆಯ ಸುತ್ತಲಿನ ನೆಲದ ವಿಷಯ. ಹಿತ್ತಿಲನ್ನು ಕೃಷಿಯೆಂದು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಆದರೆ ವಾಮಂಜೂರಿನ ಕಡೆ ಈಗ ಪೇಟೆ ಬೆಳೆದು ಬಂದಿದೆ; ಗುಡ್ಡವೂ ಗದ್ದೆಯೂ ಮನೆ ನಿವೇಶನಗಳಾಗಿವೆ; ಅಣ್ಣ ತಮ್ಮಂದಿರೊಳಗೆ ಆಸ್ತಿ ಪಾಲಾಗಿದೆ. ಎಷ್ಟೋ ಕುಟುಂಬಗಳಿಗೆ ಉಳಿದಿರುವ ಭೂಮಿಯೆಂದರೆ ಮನೆಯನ್ನೂ ಸೇರಿಸಿ ಹತ್ತು ಸೆಂಟ್ಸ್. ಅಷ್ಟರಲ್ಲಿ ಮಕ್ಕಳ ಕೈಗೆ ಒಂದು ಹಣ್ಣು, ದೇವರಿಗೆ ಒಂದು ಹೂವು, ಮನೆಯಾಕೆಯ ಕೈಗೆ ನಾಲ್ಕು ಕಾಸು ಹುಟ್ಟಬೇಕಾದರೆ ಗಿಡವನ್ನು ತಿಳಿದು ನೆಡಬೇಕು.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನಾನು ಕೃಷಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಬಂದ ಮೊದಲ ವರ್ಷ. ಇಲ್ಲೇ ಗುಡ್ಡದ ಮೇಲಿನ ಒಂದು ಮನೆಯ ತಾಯಿ, ಬೀಡಿ ಕಟ್ಟಿ ಕೂಡಿಟ್ಟ ಹಣದಿಂದ ಆರು ಕಸಿ ಗಿಡಗಳನ್ನು ತಂದಿಟ್ಟು ನನ್ನನ್ನು ಕರೆಸಿದರು. ಎರಡು ಮಾವು, ಎರಡು ಚಿಕ್ಕು, ಎರಡು ಪೇರಳೆ. ಪುಸ್ತಕದಲ್ಲಿ ಓದಿದಂತೆ ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಆಳದ ಗುಂಡಿ ತೆಗೆಸಿದೆ. ಹಾರೆ, ಪಿಕ್ಕಾಸಿನಿಂದ ಕಲ್ಲನ್ನು ಕೊರೆಯಲು ಇಬ್ಬರು ಆಳುಗಳಿಗೆ ನಾಲ್ಕು ದಿನ ಹಿಡಿಯಿತು. ಗೊಬ್ಬರ, ಮಣ್ಣು ತುಂಬಿಸಿ ಜೂನ್ ತಿಂಗಳ ಮೊದಲ ಮಳೆಗೆ ನೆಡಿಸಿದೆ. ನೋಡಿ ಸಂತೋಷಪಟ್ಟು ಹೋದೆ.

ಆಟಿ ತಿಂಗಳಲ್ಲಿ ಮತ್ತೆ ಹೋದಾಗ ಐದು ಗಿಡಗಳ ಎಲೆ ಹಳದಿಯಾಗಿ ಬಾಡಿ ಜೋತಿತ್ತು. ಸುತ್ತೆಲ್ಲ ನೀರು ಹರಿಯುತ್ತಿರುವಾಗ ಗಿಡ ಬಾಡುವುದೆಂದರೇನು! ಒಂದನ್ನು ಎಳೆದು ನೋಡಿದೆ. ಬೇರು ಕಪ್ಪಾಗಿ ಕೊಳೆತು ವಾಸನೆ ಬಂತು. ಗುಂಡಿಯಲ್ಲಿ ಕೈ ಹಾಕಿದರೆ ಒಂದು ಗೇಣಿನ ಕೆಳಗೆ ಬರಿಯ ಕೆಸರು ನೀರು. ಆ ತಾಯಿ ನನ್ನನ್ನು ಬೈಯಲಿಲ್ಲ. ತುಳುವಿನಲ್ಲಿ ಇಷ್ಟೇ ಹೇಳಿದರು: "ನೀವು ಕಲಿತವರು ಮಾರಾಯರೇ, ಆದರೆ ನಮ್ಮ ಕಲ್ಲಿನ ಹತ್ತಿರ ಒಂದು ಮಾತು ಕೇಳಲಿಲ್ಲ." ಬೈದಿದ್ದರೆ ನಾನು ಇಷ್ಟು ನಾಚುತ್ತಿರಲಿಲ್ಲ.

ಆರರಲ್ಲಿ ಬದುಕಿದ್ದು ಒಂದೇ ಒಂದು ಪೇರಳೆ. ಅದೂ ನನ್ನ ಜಾಣ್ಮೆಯಿಂದಲ್ಲ. ಅದು ಮನೆಗೆ ಬರುವ ಕಾಲುದಾರಿಯ ಅಂಚಿನಲ್ಲಿತ್ತು. ಗುಂಡಿಯ ಒಂದು ಬದಿ ಕುಸಿದು ನೀರು ದಾರಿಗೆ ಇಳಿದುಹೋಗುತ್ತಿತ್ತು. ಆ ಕುಸಿದ ಬದಿಯೇ ನನಗೆ ಪಾಠ ಹೇಳಿತು. ಇಂದಿನ ನನ್ನ ಮಾತಿನ ಸಾರವೂ ಅದೇ: ನಮ್ಮ ನೆಲದಲ್ಲಿ ಗಿಡಕ್ಕಿಂತ ಮೊದಲು ಗುಂಡಿಯನ್ನು ನೋಡಬೇಕು.

ನಮ್ಮ ನೆಲ, ನಮ್ಮ ಮಳೆ

ನಮ್ಮ ಮುರಕಲ್ಲು ಸಾಮಾನ್ಯ ಕಲ್ಲಲ್ಲ. ಬುಕಾನನ್ ಎಂಬ ಇಂಗ್ಲಿಷ್ ಕಂಪೆನಿಯ ವೈದ್ಯನು 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ, 1807ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಶಬ್ದದಿಂದ ಅದು ಬಂದಿದೆ. ನೆಲದೊಳಗೆ ಇರುವಾಗ ಕತ್ತಿಯಿಂದ ಕಡಿಯಬಹುದು. ಗಾಳಿ ಬಿಸಿಲು ತಾಗಿದರೆ ಇಟ್ಟಿಗೆಯಂತೆ ಗಟ್ಟಿ. ಸಾವಿರಾರು ವರ್ಷಗಳ ಮಳೆಗೆ ಇದರ ಸುಣ್ಣದ ಅಂಶ, ಪೊಟ್ಯಾಷ್ ತೊಳೆದುಹೋಗಿ ಕಬ್ಬಿಣವೂ ಅಲ್ಯೂಮಿನಿಯಮ್ಮೂ ಉಳಿದಿವೆ. ಆದ್ದರಿಂದ ನಮ್ಮ ಮಣ್ಣು ಕೆಂಪು, ಹುಳಿ ಮತ್ತು ಬಡವ. ರಂಜಕವನ್ನು ಹಾಕಿದರೂ ಕಬ್ಬಿಣ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಿಡಕ್ಕೆ ಬೇಗ ಬಿಟ್ಟುಕೊಡುವುದಿಲ್ಲ.

ಇನ್ನು ಮಳೆ. ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಡಿಸೆಂಬರಿನಿಂದ ಮೇ ತನಕ ಆಕಾಶ ಬರಿದು. ಹೀಗಾಗಿ ಒಂದೇ ಗುಂಡಿಯಲ್ಲಿ ಗಿಡಕ್ಕೆ ಎರಡು ಸಾವು ಕಾದಿರುತ್ತವೆ. ಆಟಿಯಲ್ಲಿ ಮುಳುಗಿ ಸಾಯುತ್ತದೆ. ಆಟಿಯನ್ನು ದಾಟಿದರೆ ಸುಗ್ಗಿ ತಿಂಗಳಲ್ಲಿ ಬಾಯಾರಿ ಸಾಯುತ್ತದೆ. ಎರಡು ಆಟಿ, ಎರಡು ಸುಗ್ಗಿ ದಾಟಿಸಿದ ಗಿಡವನ್ನು ಮತ್ತೆ ನೀವು ಸಾಕಬೇಕಾಗಿಲ್ಲ. ಅದೇ ನಿಮ್ಮನ್ನು ಸಾಕುತ್ತದೆ.

ಗುಂಡಿಯ ಕ್ರಮ

ಗುಂಡಿಯನ್ನು ಪಗ್ಗು ತಿಂಗಳಲ್ಲಿಯೇ ತೆಗೆಯಿರಿ. ಒಂದು ಮಳೆ ಬಿದ್ದ ಮೇಲೆ ಕಲ್ಲು ಮೆತ್ತಗಾಗಿ ಆಳಿನ ಕೂಲಿ ಉಳಿಯುತ್ತದೆ. ಕೊರೆದ ಮೇಲೆ ಕಲ್ಲನ್ನು ಪರೀಕ್ಷಿಸಿ. ಗುಂಡಿಯ ತಳದಲ್ಲಿ ಒಂದು ಅಡಿ ಉದ್ದಗಲ, ಒಂದು ಅಡಿ ಆಳದ ಸಣ್ಣ ಕುಳಿ ಮಾಡಿ. ಅದು ತುಂಬಲು ಸುಮಾರು 28 ಲೀಟರ್, ಅಂದರೆ ಎರಡು ಕೊಡಪಾನ ನೀರು ಸಾಕು. ಮೊದಲ ದಿನದ ನೀರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಣಗಿದ ಕಲ್ಲು ಅದನ್ನು ಕುಡಿಯುತ್ತದೆ. ಎರಡನೆಯ ಸಂಜೆ ಮತ್ತೆ ತುಂಬಿಸಿ. ಬೆಳಿಗ್ಗೆ ಕುಳಿ ಬರಿದಾಗಿದ್ದರೆ ಆ ಜಾಗ ಒಳ್ಳೆಯದು. ನೀರು ನಿಂತಿದ್ದರೆ ಆ ಗುಂಡಿ ಗುಂಡಿಯಲ್ಲ, ಕಲ್ಲಿನ ಮರಿಗೆ. ಅದರಲ್ಲಿ ಗಿಡ ಇಟ್ಟರೆ ನನ್ನ ಕಥೆಯೇ ನಿಮ್ಮದಾಗುತ್ತದೆ.

ಇದಕ್ಕೆ ಪರಿಹಾರ ಸುಲಭ. ಗುಂಡಿಯ ತಗ್ಗಿನ ಬದಿಯನ್ನು ಒಂದು ಗೇಣು ಅಗಲಕ್ಕೆ ಕಡಿದು, ತಳದಿಂದಲೇ ನೀರು ಹೊರಗೆ ಇಳಿಯುವಂತೆ ಕಣಿ ಮಾಡಿ, ಅದರಲ್ಲಿ ಕಲ್ಲಿನ ಚೂರು ತುಂಬಿಸಿ. ಜಾಗ ಸಮತಟ್ಟಾಗಿದ್ದು ಕಣಿ ಮಾಡಲು ಇಳಿಜಾರು ಇಲ್ಲದಿದ್ದರೆ ಆಳ ಕೊರೆಯುವ ಆಸೆ ಬಿಟ್ಟು, ಒಂದೂವರೆ ಅಡಿ ಕೊರೆದು, ಮೇಲೆ ಒಂದೂವರೆ ಅಡಿ ಎತ್ತರ, ನಾಲ್ಕೈದು ಅಡಿ ಅಗಲದ ಮಣ್ಣಿನ ದಿಬ್ಬ ಹಾಕಿ ಅದರ ಮೇಲೆ ನೆಡಿ.

ತುಂಬಿಸುವ ಕ್ರಮ ಹೀಗೆ. ತಳಕ್ಕೆ ತೆಂಗಿನ ಸಿಪ್ಪೆಯನ್ನು ಟೊಳ್ಳು ಬದಿ ಮೇಲೆ ಬರುವಂತೆ ಒಂದು ಸಾಲು ಜೋಡಿಸಿ. ಬೇಸಿಗೆಯಲ್ಲಿ ಅದು ತೇವ ಹಿಡಿದಿಡುತ್ತದೆ. ಮೇಲ್ಮಣ್ಣಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ಅರ್ಧ ಕಿಲೋ ಎಲುಬಿನ ಹುಡಿ, ಎರಡು ಹಿಡಿ ಒಲೆಯ ಬೂದಿ ಬೆರೆಸಿ ತುಂಬಿಸಿ. ಹಸಿ ಸೆಗಣಿ ಬೇಡ. ಅದು ಬೇರನ್ನು ಸುಡುತ್ತದೆ, ಗೆದ್ದಲನ್ನೂ ಕರೆಯುತ್ತದೆ. ಮಣ್ಣಿನ ಹುಳಿ ಕಡಿಮೆಯಾಗಲು ಅರ್ಧ ಕಿಲೋ ಚಿಪ್ಪಿನ ಸುಣ್ಣವನ್ನು ಎರಡು ಮೂರು ವಾರ ಮೊದಲೇ ಗುಂಡಿಯ ಮಣ್ಣಿಗೆ ಸೇರಿಸಿ. ಗೊಬ್ಬರದ ಜೊತೆಗೇ ಹಾಕಬೇಡಿ. ಮುರಕಲ್ಲಿನಲ್ಲಿ ತೆಂಗಿನ ಗುಂಡಿಗೆ ಉಪ್ಪು ಹಾಕಿ ಕಲ್ಲು ಸಡಿಲಿಸುವ ಪದ್ಧತಿ ಉಂಟು. ತೆಂಗು ಅದನ್ನು ತಡೆದುಕೊಳ್ಳುತ್ತದೆ. ಮಾವು, ಪೇರಳೆ, ರಂಬುಟಾನಿಗೆ ಉಪ್ಪು ಹಾಕಬಾರದು.

ನೆಟ್ಟಾಗ ಗಿಡದ ಬುಡ ಸುತ್ತಲ ನೆಲಕ್ಕಿಂತ ಒಂದು ಗೇಣು ಎತ್ತರದಲ್ಲಿರಲಿ. ಮಣ್ಣು ಕೂತ ಮೇಲೆ ಸರಿಯಾಗುತ್ತದೆ. ನೀರು ಇಳಿಯುವ ಜಾಗದಲ್ಲಿ ಪತ್ತನಾಜೆ ಕಳೆದು ಮಳೆ ಹಿಡಿದ ಕೂಡಲೇ ನೆಡಿ. ಆಟಿಯ ಹೊತ್ತಿಗೆ ಬೇರು ಹಿಡಿದಿರುತ್ತದೆ. ಸಂದೇಹದ ಜಾಗದಲ್ಲಿ ಅವಸರ ಬೇಡ. ಜೋರು ಮಳೆ ಕಳೆದು ಸೋಣ ತಿಂಗಳಲ್ಲಿ ನೆಡಿ.

ಎಷ್ಟು ಗಿಡ? ಎಲ್ಲಿ?

ಹತ್ತು ಸೆಂಟ್ಸ್ ಎಂದರೆ 4,356 ಚದರ ಅಡಿ. ಮನೆ, ಬಾವಿ, ಅಂಗಳ ಕಳೆದರೆ ಮೂರು ಸಾವಿರ ಚದರ ಅಡಿ ಉಳಿಯಬಹುದು. ಬೆಳೆದ ಒಂದು ಹಲಸು ಅಥವಾ ಬೀಜದ ಮಾವು ಮೂವತ್ತು ಅಡಿ ಉದ್ದಗಲವನ್ನು, ಅಂದರೆ ಎರಡು ಸೆಂಟ್ಸಿಗಿಂತ ಹೆಚ್ಚು ಜಾಗವನ್ನು ಆಳುತ್ತದೆ. ಇಂಥ ಮರ ಮೂರು ಇಟ್ಟರೆ ಹಿತ್ತಿಲು ಕತ್ತಲೆ. ಕೆಳಗೆ ಹೂವೂ ಇಲ್ಲ, ತರಕಾರಿಯೂ ಇಲ್ಲ. ಆದ್ದರಿಂದ ದೊಡ್ಡ ಮರ ಒಂದೇ ಇರಲಿ. ಅದು ಹಲಸಾಗಲಿ, ಜೀಗುಜ್ಜೆಯಾಗಲಿ. ಉಳಿದವು ಕಸಿ ಗಿಡಗಳಾಗಿ, ಹದಿನೈದು ಅಡಿ ಅಂತರದಲ್ಲಿ, ಕೊಯ್ಲಾದ ಮೇಲೆ ಪ್ರತಿ ವರ್ಷ ಕೊಂಬೆ ಸವರಿ ಕೈಗೆಟಕುವ ಎತ್ತರದಲ್ಲಿ ಇರಲಿ.

ಸೂರ್ಯನನ್ನೂ ಲೆಕ್ಕ ಹಾಕಿ. ನಮ್ಮಲ್ಲಿ ಸೆಪ್ಟೆಂಬರಿನಿಂದ ಏಪ್ರಿಲ್ ತನಕ ಮಧ್ಯಾಹ್ನದ ಸೂರ್ಯ ತೆಂಕು ಬದಿಗೆ ಇರುತ್ತಾನೆ. ನೆರಳು ಬಡಗು ಬದಿಗೆ ಬೀಳುತ್ತದೆ. ಮಳೆಗಾಲದ ಮೋಡದಲ್ಲಿ ಬಿಸಿಲಿನ ಲೆಕ್ಕವೇ ಇಲ್ಲ. ಆದ್ದರಿಂದ ದೊಡ್ಡ ಮರ ಬಡಗು ಮೂಲೆಗೆ, ಸಣ್ಣ ಗಿಡಗಳು ತೆಂಕು ಬದಿಗೆ. ಗೋಡೆ, ಕಕ್ಕಸಿನ ಗುಂಡಿ, ವಿದ್ಯುತ್ ತಂತಿಗಳಿಂದ ಮರ ದೂರವಿರಲಿ.

ಗಂಡು ಗಿಡದ ಮೋಸ

ಈಗ ರಂಬುಟಾನ್, ಮ್ಯಾಂಗೊಸ್ಟಿನ್ ಮುಂತಾದ ಹೊಸ ಹಣ್ಣುಗಳ ಆಸೆ ಎಲ್ಲರಿಗೂ ಬಂದಿದೆ. ಬರಲಿ. ನಾವು ನಮ್ಮದೆಂದು ತಿಳಿದ ಪೇರಳೆ, ಪಪ್ಪಾಯಿ, ಗೇರು, ಚಿಕ್ಕು, ಅನಾನಸು ಇವೆಲ್ಲವೂ ಒಂದು ಕಾಲಕ್ಕೆ ಅಮೆರಿಕದಿಂದ ಹಡಗಿನಲ್ಲಿ ಬಂದವೇ. ಜೀಗುಜ್ಜೆ ಶಾಂತ ಸಾಗರದ ದ್ವೀಪಗಳದು. ರಂಬುಟಾನ್, ಮ್ಯಾಂಗೊಸ್ಟಿನ್ ಮಲಯ ಸೀಮೆಯವು. ನಮ್ಮ ಸೆಕೆ, ನಮ್ಮ ಮಳೆ ಅವಕ್ಕೆ ಒಗ್ಗುತ್ತದೆ. ಮೂಡುಬಿದಿರೆಯ ಸೋನ್ಸ್ ತೋಟದಲ್ಲಿ ಇಂಥ ಹಣ್ಣಿನ ಮರಗಳನ್ನು ಕಣ್ಣಾರೆ ನೋಡಬಹುದು.

ಆದರೆ ಒಂದು ಎಚ್ಚರಿಕೆ. ರಂಬುಟಾನ್, ಪುನರ್ಪುಳಿ, ಜಾಯಿಕಾಯಿ ಈ ಮೂರರಲ್ಲಿ ಬೀಜದಿಂದ ಹುಟ್ಟಿದ ಸಸಿಗಳಲ್ಲಿ ಗಂಡು ಮರಗಳು ಬಹಳ. ಪುನರ್ಪುಳಿಯಲ್ಲಿ ಸುಮಾರು ಅರ್ಧದಷ್ಟು ಗಂಡೇ. ಚಿಕ್ಕ ಸಸಿಯನ್ನು ನೋಡಿ ಗಂಡೋ ಹೆಣ್ಣೋ ಹೇಳಲಾಗದು. ಆರೇಳು ವರ್ಷ ನೀರು ಗೊಬ್ಬರ ಹಾಕಿ ಸಾಕಿದ ಮೇಲೆ ಹೂವು ಬಿಟ್ಟು ಉದುರಿದಾಗಲೇ ತಿಳಿಯುವುದು. ಹತ್ತು ಸೆಂಟ್ಸಿನವನಿಗೆ ಇದು ಸಣ್ಣ ನಷ್ಟವಲ್ಲ. ಆದ್ದರಿಂದ ಈ ಮೂರನ್ನು ಹೆಣ್ಣು ಮರದಿಂದ ಮಾಡಿದ ಕಸಿ ಗಿಡವಾಗಿಯೇ ಕೊಳ್ಳಿ. ಪಪ್ಪಾಯಿಯನ್ನಾದರೆ ಒಂದು ಗುಂಡಿಗೆ ಮೂರು ಸಸಿ ಇಟ್ಟು, ಹೂವು ಬಂದ ಮೇಲೆ ಗಂಡನ್ನು ಕಿತ್ತು ಒಂದನ್ನು ಉಳಿಸಿಕೊಳ್ಳಬಹುದು. ಮ್ಯಾಂಗೊಸ್ಟಿನ್‌ಗೆ ಈ ತೊಂದರೆ ಇಲ್ಲ; ಬೀಜದ ಸಸಿಯೂ ತಾಯಿಯಂತೆಯೇ ಇರುತ್ತದೆ. ಆದರೆ ಫಲಕ್ಕೆ ಎಂಟು ಹತ್ತು ವರ್ಷ ಕಾಯುವ ತಾಳ್ಮೆ ಬೇಕು. ಎಳೆಯದರಲ್ಲಿ ನೆರಳು ಬೇಕು, ಬೇಸಿಗೆಯಲ್ಲಿ ನೀರು ತಪ್ಪಬಾರದು.

ಕೊಳ್ಳುವಾಗ ಕಸಿಯ ಗಂಟನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ. ಗಂಟು ಕಾಣದಿದ್ದರೆ ಅದು ಬೀಜದ ಸಸಿಯೇ. ನೆಡುವಾಗ ಗಂಟು ಮಣ್ಣಿನ ಮೇಲೆ ಇರಲಿ. ಕಟ್ಟಿದ ಪ್ಲಾಸ್ಟಿಕ್ ಪಟ್ಟಿಯನ್ನು ಬಿಡಿಸಿ. ಗಂಟಿನ ಕೆಳಗೆ ಬಂದ ಚಿಗುರನ್ನು ಬಂದಂತೆ ಚಿವುಟಿ ಹಾಕಿ. ಒಂದು ಮನೆಯಲ್ಲಿ ಆ ಚಿಗುರನ್ನೇ ಪ್ರೀತಿಯಿಂದ ಬೆಳೆಸಿ, ಮೇಲಿನ ಕಸಿ ಸತ್ತು, ಕೊನೆಗೆ ಹುಳಿ ಕಾಟುಮಾವಿಗೆ ಒಡೆಯರಾದುದನ್ನು ನಾನು ಕಂಡಿದ್ದೇನೆ.

ಹೂವಿನ ಮಾತು

ನಮ್ಮಲ್ಲಿ ಹೂವು ಅಲಂಕಾರಕ್ಕೆ ಮಾತ್ರವಲ್ಲ. ಸೋಣ ತಿಂಗಳಿಡೀ ಹೊಸ್ತಿಲ ಪೂಜೆಗೆ ಹೂವು ಬೇಕು. ದೈವದ ಕೋಲಕ್ಕೆ ಕೇಪಳ ಬೇಕು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಕ್ರೈಸ್ತ ಮನೆಗಳ ಮಕ್ಕಳು ಮರಿಯಮ್ಮನಿಗೆ ಹೂವು ಒಯ್ಯುತ್ತಾರೆ. ಇವೆಲ್ಲ ಮಳೆಯ ಕೊನೆಯ ದಿನಗಳು. ಆಗ ಕೈಬಿಡದ ಗಿಡಗಳು ದಾಸವಾಳ ಮತ್ತು ಕೇಪಳ. ಎರಡನ್ನೂ ಕಡ್ಡಿ ಊರಿ ಬೆಳೆಸಬಹುದು. ಆಟಿಯಲ್ಲಿ ಊರಿದ ಕಡ್ಡಿಗೆ ನೀರು ಹೊರುವ ಕೆಲಸವಿಲ್ಲ.

ಕೇಪಳ ನಮ್ಮ ಗುಡ್ಡದ ಗಿಡ. ಹುಳಿ ಮಣ್ಣೇ ಅದಕ್ಕೆ ಹಿತ. ಹೊಸ ಮನೆ ಕಟ್ಟಿದವರು ಗೋಡೆಯ ಬುಡಕ್ಕೆ ಕೇಪಳ ಇಟ್ಟು, ಎಲೆ ಹಳದಿಯಾಯಿತು ಎಂದು ನನ್ನನ್ನು ಕರೆಯುತ್ತಾರೆ. ರೋಗವಲ್ಲ. ಗೋಡೆ ಸಾರಿಸಿದ ಸಿಮೆಂಟು, ಸುಣ್ಣ ಮಣ್ಣಿಗೆ ಬಿದ್ದು ಗಿಡಕ್ಕೆ ಕಬ್ಬಿಣ ಸಿಗದೆ ಹೋಗಿದೆ. ಆ ಕಸವನ್ನು ಬಗೆದು ತೆಗೆದು, ಗುಡ್ಡದ ಕೆಂಪು ಮಣ್ಣು, ತರಗೆಲೆ ಗೊಬ್ಬರ ಹಾಕಿದರೆ ಹೊಸ ಚಿಗುರು ಹಸಿರಾಗಿ ಬರುತ್ತದೆ.

ಮಲ್ಲಿಗೆಗೆ ಇಡೀ ದಿನದ ಬಿಸಿಲು ಬೇಕು. ನಮ್ಮ ಕರಾವಳಿಯ ಶಂಕರಪುರದ ಮಲ್ಲಿಗೆಯನ್ನು ಲೆಕ್ಕ ಮಾಡುವ ಕ್ರಮ ನಿಮಗೆ ಗೊತ್ತು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮಾರುವ ಯೋಚನೆ ಇದ್ದರೆ ಗಿಡದ ಜೊತೆ ಕೈಗಳನ್ನೂ ಎಣಿಸಿ. ಒಂದು ಅಟ್ಟೆಗೆ 3,200 ಮೊಗ್ಗು ಬೆಳಿಗ್ಗೆಯೇ ಬಿಡಿಸಿ ಬಾಳೆನಾರಿನಲ್ಲಿ ಕಟ್ಟಬೇಕು. ದರ ದಿನದಿನಕ್ಕೆ ಏರಿಳಿಯುತ್ತದೆ. ಮೊದಲು ನಾಲ್ಕು ಗಿಡ ಮನೆಗೆ ಬೆಳೆಸಿ, ಕೈ ಪಳಗಿದ ಮೇಲೆ ಹೆಚ್ಚಿಸುವುದು ಲೇಸು. ಮಳೆ ಕಳೆದ ಮೇಲೆ ಕೊಂಬೆ ಸವರಿ ಗೊಬ್ಬರ ಕೊಡುವುದನ್ನು ಮರೆಯಬಾರದು.

ಮರದ ನೆರಳಿನಲ್ಲಿ ಆಂಥೂರಿಯಂ ಬರುತ್ತದೆ. ಅದಕ್ಕೆ ಮಣ್ಣಿಗಿಂತ ತೆಂಗಿನ ಸಿಪ್ಪೆಯ ತುಂಡು, ಇಟ್ಟಿಗೆ ಚೂರು, ಇದ್ದಿಲು ತುಂಬಿದ ಕುಂಡವೇ ಮೇಲು. ಗಾಳಿಗೆ ಹಳೆಯ ಹಲಸು ಮಾವು ಉರುಳಿದರೆ ಅದರಲ್ಲಿದ್ದ ಸೀತಾಳೆ ದಂಡೆಯನ್ನು ಸೌದೆಯ ಜೊತೆ ಒಣಗಲು ಬಿಡಬೇಡಿ. ಬಿಡಿಸಿ ತಂದು ಇನ್ನೊಂದು ಮರಕ್ಕೆ ನಾರಿನಿಂದ ಕಟ್ಟಿ. ಮುಂಗಾರಿನ ಹೊತ್ತಿಗೆ ತೂಗುವ ಅದರ ಹೂಗೊಂಚಲಿಗೆ ಸಾಟಿಯಾದ ಅಲಂಕಾರವನ್ನು ಯಾವ ಪೇಟೆಯಲ್ಲಿಯೂ ಕೊಳ್ಳಲಾಗದು.

ಬೇಸಿಗೆ ದಾಟಿಸುವುದು

ಅಕ್ಟೋಬರ್ ಕೊನೆಗೆ, ಮಣ್ಣಿನಲ್ಲಿ ತೇವ ಇರುವಾಗಲೇ, ಬುಡದ ಸುತ್ತ ಒಂದು ಗೇಣು ದಪ್ಪ ತರಗೆಲೆ ಹೊದೆಸಿ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ತಾಗಿದರೆ ಗೆದ್ದಲು ಏರುತ್ತದೆ. ಮೊದಲ ಎರಡು ಬೇಸಿಗೆ ವಾರಕ್ಕೆ ಎರಡು ಸಲ ಗಿಡವೊಂದಕ್ಕೆ ಹತ್ತು ಲೀಟರ್ ನೀರು ಕೊಡಿ. ದಿನಾಲೂ ಒಂದು ಚೆಂಬು ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ನೀರು ಕಡಿಮೆ ಇರುವವರು ಹಳೆಯ ಮಣ್ಣಿನ ಮಡಕೆಯ ತಳಕ್ಕೆ ಸಣ್ಣ ತೂತು ಮಾಡಿ, ಬಟ್ಟೆಯ ಬತ್ತಿ ಇಟ್ಟು, ಗಿಡದಿಂದ ಒಂದು ಅಡಿ ದೂರದಲ್ಲಿ ಕುತ್ತಿಗೆಯ ತನಕ ಹೂತು ತುಂಬಿಸಿಡಿ. ಬಚ್ಚಲ ನೀರನ್ನು ಬಾಳೆಗೆ ತಿರುಗಿಸಿ.

ಇನ್ನು ಕೆಲವು ಎಚ್ಚರಿಕೆಗಳು. ಕುಂಡದ ಕೆಳಗಿನ ತಟ್ಟೆ, ಮೂಲೆಗೆ ಬಿಸಾಡಿದ ಪ್ಲಾಸ್ಟಿಕ್ ಡಬ್ಬ, ಗೆರಟೆ ಇವುಗಳ ನೀರನ್ನು ವಾರಕ್ಕೊಮ್ಮೆ ಚೆಲ್ಲಿ. ಡೆಂಗ್ಯೂ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವ ತನಕ ಒಂದು ವಾರ ಹತ್ತು ದಿನದಲ್ಲಿ ಬೆಳೆಯುತ್ತದೆ; ಮಂಗಳೂರಿನಲ್ಲಿ 2019ರ ಮಳೆಗಾಲ ಹೇಗಿತ್ತೆಂದು ನೆನಪಿದೆಯಲ್ಲವೇ? ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬೇಡಿ. ನೆರೆಯ ಕೋಝಿಕೋಡಿನಲ್ಲಿ 2018ರಲ್ಲಿ ನಿಪಾ ಜ್ವರ ಬಂದ ಮೇಲೆ ಈ ಮಾತನ್ನು ಸದರ ಮಾಡುವಂತಿಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ದಾರೆಹುಳಿಯನ್ನು ತಿನ್ನಲೇಬಾರದು. ಬಿಂಬುಳಿಯ ರಸವನ್ನು ಔಷಧವೆಂದು ಯಾರೂ ಕುಡಿಯಬಾರದು. ಕಣಗಿಲೆ ಗಿಡ ಮಕ್ಕಳಿಗೂ ದನಕ್ಕೂ ವಿಷ. ಆಡುವ ಅಂಗಳದಲ್ಲಿ ಅದು ಬೇಡ.

ಗಿಡಗಳನ್ನು ಗುರುತಿಸಲು ಕಲಿಯಬೇಕಾದವರು ನಮ್ಮ ಪಿಲಿಕುಳಕ್ಕೆ ಒಮ್ಮೆ ಹೋಗಿ ಬನ್ನಿ. ಪಶ್ಚಿಮ ಘಟ್ಟದ ಮರಗಳನ್ನು ಅಲ್ಲಿ ನೆಟ್ಟು ಬೆಳೆಸಿದ್ದಾರೆ. ಶಿವರಾಮ ಕಾರಂತರ ಹೆಸರು ಹೊತ್ತ ಆ ನಿಸರ್ಗಧಾಮ ನಿಂತಿರುವುದೂ ಇದೇ ಮುರಕಲ್ಲಿನ ಮೇಲೆಯೇ. ಮಣ್ಣಿನ ಪರೀಕ್ಷೆ, ರೋಗದ ವಿಷಯಕ್ಕೆ ಮಂಗಳೂರಿನ ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಆ ಗುಡ್ಡದ ಮನೆಯ ತಾಯಿಯ ಸುದ್ದಿ ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. ಮರುವರ್ಷ ನಾನೇ ಹಾರೆ ಹಿಡಿದು ಹೋಗಿ ಐದು ಗುಂಡಿಗಳ ತಗ್ಗಿನ ಬದಿಯನ್ನು ಕಡಿದೆ. ಗಿಡಕ್ಕೆ ಹಣ ಕೊಡುತ್ತೇನೆಂದರೆ ಅವರು ಒಪ್ಪಲಿಲ್ಲ. "ಗಿಡ ನಾನು ತರುತ್ತೇನೆ. ಆದರೆ ಎರಡೇ. ಅವು ಆಟಿ ದಾಟಲಿ, ಮತ್ತೆ ನೋಡುವಾ," ಎಂದರು. ಅವೆರಡೂ ಆಟಿ ದಾಟಿದವು, ಸುಗ್ಗಿಯನ್ನೂ ದಾಟಿದವು. ಈಗ ಐದು ಗುಂಡಿಗಳಲ್ಲಿಯೂ ಗಿಡ ಉಂಟು. ಕಳೆದ ಸಲ ಹೋದಾಗ ಬಾಳೆಲೆಯಲ್ಲಿ ನಾಲ್ಕು ಪೇರಳೆ ಸುತ್ತಿ ನನ್ನ ಕೈಗೆ ಕೊಟ್ಟರು.

ನಾನು ನಿಮ್ಮಲ್ಲಿ ಬೇಡುವುದೂ ಅಷ್ಟೇ. ಈ ವರ್ಷ ಹತ್ತು ಗಿಡ ತಂದು ನೆಡಬೇಡಿ. ಪತ್ತನಾಜೆಗೆ ಮುಂಚೆ ಒಂದೆರಡು ಗುಂಡಿ ಕೊರೆದು, ಎರಡು ಕೊಡಪಾನ ನೀರು ಹೊಯ್ದು, ಬೆಳಿಗ್ಗೆ ಎದ್ದು ನೋಡಿ. ನಿಮ್ಮ ಕಲ್ಲು ಏನು ಹೇಳುತ್ತದೆಂದು ಮೊದಲು ಕೇಳಿ, ಆಮೇಲೆ ಗಿಡ ಕೊಳ್ಳಲು ಹೊರಡಿ. ಕರೆದರೆ ನಾನೂ ಬರುತ್ತೇನೆ.